ನಲ್ಲಿಯ ಮೇಲಿನ ವೆಲಿಚ್ಕಾ

ಶಸ್ತ್ರಚಿಕಿತ್ಸೆ ವಿಭಾಗದ ಕಾರಿಡಾರಿನಲ್ಲಿ, ಕೈ ತೊಳೆಯುವ ಬೇಸಿನ್ನಿನ ಮೇಲೆ, ಒಂದು ಕಾಲಕ್ಕೆ ಕನ್ನಡಿ ಇತ್ತು. ಅದು ಒಡೆದ ಮೇಲೆ ಹೊಸದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಆಡಳಿತದವರು ಮೂಗಿಗೆ ತುಪ್ಪ ಸವರುತ್ತಲೇ ಇದ್ದರು. ಗೋಡೆಯಲ್ಲಿ ಮೊಳೆಯ ತೂತುಗಳು ಮಾತ್ರ ಉಳಿದಿದ್ದವು. ಆ ಖಾಲಿ ಜಾಗದಲ್ಲಿ ಒಂದು ಬೆಳಗ್ಗೆ ವೆಲಿಚ್ಕಾ ಬಂದು ಕೂತಳು.

ವೆಲಿಚ್ಕಾ ಸತ್ತು ಒಂದು ವಾರವೂ ಆಗಿರಲಿಲ್ಲ. ಗೋಡೆಗೆ ಬಂದದ್ದು ಅವಳ ಸಾವಿನ ಹಾಳೆ. ಡ್ಯಾನ್ಯೂಬ್ ದಂಡೆಯ ಆ ಬಲ್ಗೇರಿಯಾದ ಪಟ್ಟಣದಲ್ಲಿ ಸತ್ತವರು ಅಷ್ಟು ಸುಲಭವಾಗಿ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಯಾರೇ ತೀರಿಕೊಂಡರೂ ಮನೆಯವರು ಅವರ ಫೋಟೊ, ಹೆಸರು, ಕೆಳಗೆ ನಾಲ್ಕು ಸಾಲು ಅಚ್ಚು ಹಾಕಿಸಿ ಬಸ್ ನಿಲ್ದಾಣ, ಬ್ರೆಡ್ ಅಂಗಡಿಯ ಬಾಗಿಲು, ಬೀದಿಯ ಮರ, ತಮ್ಮ ಕಟ್ಟಡದ ಹೆಬ್ಬಾಗಿಲು ಎಂದು ಕಂಡಕಂಡಲ್ಲಿ ಅಂಟಿಸುತ್ತಾರೆ. ನಲವತ್ತನೆಯ ದಿನಕ್ಕೆ ಹೊಸದು, ಅರ್ಧ ವರ್ಷಕ್ಕೆ ಇನ್ನೊಂದು, ವರ್ಷಕ್ಕೆ ಮತ್ತೊಂದು. ಹಾಲು ತರಲು ಹೋದವರು ಸತ್ತವರ ಪಕ್ಕ ಸರದಿಯಲ್ಲಿ ನಿಂತು ಬರುತ್ತಾರೆ. ಆ ಹಾಳೆಯನ್ನು ಯಾರೂ ಕೀಳುವುದಿಲ್ಲ. ಬಿಸಿಲು ಗಾಳಿಗಳು ತಾವಾಗಿ ಒಯ್ಯಬೇಕು.

ಅರಿವಳಿಕೆ ಕೊಡುವ ಡಾಕ್ಟರ್ ಇಸ್ಕ್ರಾ ಬೊಯಾಜಿಯೆವಾ ಆ ಬೆಳಗ್ಗೆ ಬೇಸಿನ್ನಿನ ಮುಂದೆ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟಳು. ಫೋಟೊ ಯಾವುದೋ ಮದುವೆಯದು. ವೆಲಿಚ್ಕಾ ನೇರವಾಗಿ ನೋಡುತ್ತಿದ್ದಳು. ಏನೋ ಹೇಳಲು ಹೊರಟಿದ್ದವಳನ್ನು ಕ್ಯಾಮೆರಾದವನು ತಡೆದಿದ್ದ.

"ಯಾರು ಬಿಟ್ಟಿದ್ದು ಇದನ್ನ ಇಲ್ಲಿ ಅಂಟಿಸೋಕೆ?" ಎಂದು ಇಸ್ಕ್ರಾ ಕೇಳಿದಳು.

"ನಾನೇ. ಏನೀಗ?" ಎಂದಳು ಹಿರಿಯ ನರ್ಸ್ ತ್ಸೋನ್ಕಾ. ಅವಳದು ಕಾರಿಡಾರಿನ ಆ ತುದಿಗೂ ಕೇಳುವ ದನಿ. "ಅವಳ ಗಂಡ ಹರಲಾಂಪಿ ಬಂದಿದ್ದ. ಗೇಟಿನ ಹತ್ರ ಜಾಗ ಇಲ್ಲ ಸಿಸ್ಟರ್, ಅವಳನ್ನ ನೋಡ್ಕೊಂಡೋರ ಕಣ್ಣಿಗೆ ಬೀಳೋ ಹಾಗೆ ಒಳಗೇ ಎಲ್ಲಾದ್ರೂ ಹಾಕ್ತೀನಿ ಅಂದ. ಬೇಡ ಅನ್ನೋಕೆ ಬಾಯಿ ಬರುತ್ತಾ? ನೀವಾಗಿದ್ರೆ ಅಂತಿದ್ರಾ?"

"ಅಲ್ಲ, ಇಲ್ಲೇ ಯಾಕೆ ಅಂತ."

"ಖಾಲಿ ಇತ್ತಲ್ಲ ಡಾಕ್ಟ್ರೇ. ಈ ಬೇಸಿನ್ ಹತ್ರ ಯಾರು ಬರ್ತಾರೆ ಹೇಳಿ!" ತ್ಸೋನ್ಕಾ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಮುಖ ಇಳಿಯಿತು. ಇಬ್ಬರೂ ಬೇರೆ ಕಡೆ ನೋಡಿದರು.

ಫೋಟೊದ ಕೆಳಗೆ ಹೀಗೆ ಅಚ್ಚಾಗಿತ್ತು: ನನ್ನ ವೆಲಿಚ್ಕಾಳನ್ನು ಕೊನೆಯವರೆಗೂ ಅಕ್ಕರೆಯಿಂದ ನೋಡಿಕೊಂಡ ಶಸ್ತ್ರಚಿಕಿತ್ಸೆ ವಿಭಾಗದ ಎಲ್ಲರಿಗೂ ಋಣಿ. ಗಂಡ ಹರಲಾಂಪಿ.

ಈ ಸಾಲನ್ನು ಇಸ್ಕ್ರಾ ಎರಡು ಸಲ ಓದಿದಳು. ವೆಲಿಚ್ಕಾ ಬಂದದ್ದು ಕರುಳಿನ ಆಪರೇಷನ್ನಿಗೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಊಟ ಸೇರುವವರೆಗೆ ಇರಲಿ ಎಂದು ಕುತ್ತಿಗೆಯ ರಕ್ತನಾಳಕ್ಕೆ ಒಂದು ತೆಳು ಟ್ಯೂಬು ಹಾಕಿದ್ದರು. ಆ ಟ್ಯೂಬಿನ ದಾರಿಯಲ್ಲಿ ರಕ್ತಕ್ಕೆ ನಂಜು ಹತ್ತಿತು. ಜ್ವರ ಏರಿತು, ಮೈ ನಡುಗಿತು, ಮುಗಿಯಿತು. ಪ್ರಯೋಗಾಲಯದವರು ಹೇಳಿದ ರೋಗಾಣು ಪಕ್ಕದ ಮಂಚದ ಮುದುಕಿಯ ಗಾಯದಲ್ಲಿದ್ದ ರೋಗಾಣುವೇ. ಅದಕ್ಕೇನು ಕಾಲಿಲ್ಲ. ಒಂದು ಮಂಚದಿಂದ ಇನ್ನೊಂದಕ್ಕೆ ಯಾರದೋ ಕೈ ಹತ್ತಿಕೊಂಡೇ ಬರಬೇಕು. ಹರಲಾಂಪಿಗೆ ಹೇಳಿದ್ದು, ಹೃದಯ ನಿಂತಿತು ಎಂದು. ಅದು ಸುಳ್ಳೇನಲ್ಲ. ಸಾಯುವವರೆಲ್ಲರ ಹೃದಯವೂ ನಿಲ್ಲುತ್ತದೆ.

ರೋಗಿಗಳ ಸುರಕ್ಷತೆಯ ಹೊಣೆ ಇಸ್ಕ್ರಾಳದು. ಅದು ಅವಳ ತಲೆಗೆ ಬಂದದ್ದು ಹೇಗೆಂದರೆ, ಅದನ್ನು ಹಂಚಿದ ಸಭೆಗೆ ಅವಳು ತಡವಾಗಿ ಹೋಗಿದ್ದಳು. ಆದರೆ ತಲೆಗೆ ಬಂದದ್ದನ್ನು ಅವಳು ಕೆಳಗಿಡಲಿಲ್ಲ. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮೊದಲು ಕೈ ತೊಳೆಯಿರಿ ಎಂಬ ಒಂದು ಮಾತನ್ನು ನಾಲ್ಕು ಜನರ ತಲೆಗೆ ಇಳಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಣ್ಣದ ಚಿತ್ರ ತಂದು ಹಚ್ಚಿದಳು, ಅದರ ಮೇಲೆ ಯಾರೋ ಮೀಸೆ ಬರೆದರು. ಕೈಗೆ ಹೊಳೆಯುವ ಪುಡಿ ಸವರಿ, ನೀಲಿ ದೀಪದ ಕೆಳಗೆ ಹಿಡಿಸಿ, ಕೊಳೆ ಎಲ್ಲೆಲ್ಲಿ ಉಳಿದಿದೆ ನೋಡಿ ಎಂದು ತೋರಿಸಿದಳು. ಎಲ್ಲರೂ ಜಾತ್ರೆಗೆ ಬಂದವರ ಹಾಗೆ ನಕ್ಕು ಹೋದರು. ಮಂಚಕ್ಕೊಂದು ಸ್ಪಿರಿಟ್ ಸೀಸೆ ಇಡಿಸಿದಳು, ಗಂಡಸರ ವಾರ್ಡಿನ ಒಬ್ಬ ಪುಣ್ಯಾತ್ಮ ಅದನ್ನು ಹಣ್ಣಿನ ಸಾರಾಯಿ ರಕಿಯಾ ಎಂದುಕೊಂಡು ಕುಡಿದುಬಿಟ್ಟ. ಸೀಸೆಗಳು ಕಪಾಟು ಸೇರಿದವು. ಓದಿದವರಿಗೆ ಬುದ್ಧಿ ಹೇಳುವುದೆಂದರೆ ಕಲ್ಲಿನ ಮೇಲೆ ನೀರು ಹೊಯ್ದಂತೆ ಎಂದು ಅವಳು ಮನೆಯಲ್ಲಿ ಒಬ್ಬಳೇ ಬೈದುಕೊಂಡಳು.

ಎಲ್ಲಕ್ಕಿಂತ ಕಷ್ಟದ ಕೈ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ತರಾಲೆಷ್ಕೋವ್ ಅವರದು. ದೊಡ್ಡ ಮನುಷ್ಯ, ದೊಡ್ಡ ಹೊಟ್ಟೆ, ಬೆಚ್ಚಗಿನ ದೊಡ್ಡ ಅಂಗೈ. ಬೆಳಗಿನ ರೌಂಡಿಗೆ ಹೊರಟರೆಂದರೆ ಹಿಂದೆ ಬಿಳಿ ಕೋಟುಗಳ ಮೆರವಣಿಗೆ. ಪ್ರತಿ ಮಂಚದ ಬಳಿಯೂ ನಿಂತು ಹೊಟ್ಟೆ ಒತ್ತಿ, ಗಾಯದ ಬಟ್ಟೆ ಎತ್ತಿ, ಕೊನೆಗೆ ರೋಗಿಯ ಕೆನ್ನೆ ತಟ್ಟಿಯೇ ಮುಂದಿನ ಮಂಚಕ್ಕೆ ಹೋಗುವರು. "ಮುಟ್ಟದೇ ಇರೋನು ಡಾಕ್ಟರ್ ಅಲ್ಲ ಕಣಮ್ಮ, ಗುಮಾಸ್ತ" ಎಂದು ಇಸ್ಕ್ರಾಳಿಗೆ ಹೇಳುವರು. ರೋಗಿಗಳು ಆ ಕೈಗಾಗಿ ಕಾಯುತ್ತಿದ್ದರು. ವೆಲಿಚ್ಕಾ ಅಂತೂ ಅವರು ಬರುವ ಹೊತ್ತಿಗೆ ತಲೆ ಬಾಚಿಕೊಂಡು ಕೂರುತ್ತಿದ್ದಳು. ಹರಲಾಂಪಿ ಎದ್ದು ನಿಂತು ಟೋಪಿ ತೆಗೆಯುತ್ತಿದ್ದ.

ಹಾಳೆ ಬಂದ ದಿನವೇ ಕಾರಿಡಾರಿನ ನಡಿಗೆ ಬದಲಾಯಿತು. ಇಸ್ಕ್ರಾ ಇದನ್ನು ಎಣಿಸಿರಲಿಲ್ಲ, ಯೋಜಿಸಿರಲಿಲ್ಲ. ವೆಲಿಚ್ಕಾ ಹೇಗೆ ಸತ್ತಳು ಎಂಬುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಈಗ ಬೇಸಿನ್ ದಾಟುವಾಗ ಜನರ ಕಾಲುಗಳು ತಾವಾಗಿ ನಿಲ್ಲುತ್ತಿದ್ದವು. ಅವಳ ಕಣ್ಣ ಮುಂದೆ ಹಾಗೇ ಹೋಗಲು ಯಾರಿಗೂ ಧೈರ್ಯ ಸಾಲಲಿಲ್ಲ. ಮೊದಲು ಒಬ್ಬಳು ನರ್ಸ್ ಎದೆಯ ಮೇಲೆ ಶಿಲುಬೆ ಹಾಕಿಕೊಂಡು ಕೈ ತೊಳೆದಳು. ಆಮೇಲೆ ಇನ್ನೊಬ್ಬಳು. ಯುವ ಸರ್ಜನ್ ಒಬ್ಬ ಗೋಡೆಯ ಜೊತೆ ಮಾತಾಡುವುದನ್ನು ಇಸ್ಕ್ರಾ ಕಿವಿಯಾರೆ ಕೇಳಿದಳು: "ತೊಳೀತಿದೀನಿ ಅಮ್ಮ, ತೊಳೀತಿದೀನಿ, ಹಂಗೆ ನೋಡ್ಬೇಡಿ." ಅವನು ತಮಾಷೆ ಮಾಡುತ್ತಿರಲಿಲ್ಲ. ತಿಂಗಳು ಬರುತ್ತಿದ್ದ ಸೋಪು ವಾರಕ್ಕೆ ಮುಗಿಯಿತು.

ಪ್ರೊಫೆಸರರು ಮಾತ್ರ ಕೆಲವು ದಿನ ಆ ದಾರಿಯಲ್ಲೇ ಬರಲಿಲ್ಲ. ಬಟ್ಟೆ ಇಡುವ ಕೋಣೆಯ ಹಿಂಬಾಗಿಲಿನಿಂದ ಕಳ್ಳನ ಹಾಗೆ ವಾರ್ಡಿಗೆ ನುಸುಳುತ್ತಿದ್ದರು. ಹಿಂದಿದ್ದ ಮೆರವಣಿಗೆಯೂ ಹಾಸಿಗೆ ಬಟ್ಟೆಗಳ ನಡುವೆ ಓರೆಯಾಗಿ ತೂರಿಕೊಂಡು ಹೋಗಬೇಕಾಯಿತು. ಒಂದು ಬೆಳಗ್ಗೆ ಆ ಬಾಗಿಲಿಗೆ ಬೀಗ.

"ಬೀಗದ ಕೈ ಎಲ್ಲಿ?" ಎಂದು ಗುಡುಗಿದರು.

"ಎಲ್ಲೋ ಬಿತ್ತು ಪ್ರೊಫೆಸರ್ರೇ," ಎಂದಳು ತ್ಸೋನ್ಕಾ. ಅವಳ ಏಪ್ರನ್ ಜೇಬು ಝಣಗುಟ್ಟುತ್ತಿತ್ತು. "ಈ ಕಡೆಯಿಂದ ಬನ್ನಿ, ಇಲ್ಲೇನು ಹುಲಿ ಕೂತಿದೆಯಾ?"

ಅವರು ಬಂದರು. ಬೇಸಿನ್ನಿನ ಮುಂದೆ ನಿಂತರು. ತಲೆ ಎತ್ತದೆ ಕೈ ತೊಳೆದರು, ಎಷ್ಟು ಹೊತ್ತು ತೊಳೆದರೆಂದರೆ ಹಿಂದೆ ನಿಂತವರು ಮುಖ ಮುಖ ನೋಡಿಕೊಂಡರು. ಅಂದಿನಿಂದ ಅವರೂ ತೊಳೆದರು, ಮಂಚದಿಂದ ಮಂಚಕ್ಕೆ. ಕುತ್ತಿಗೆಗೆ ಟ್ಯೂಬು ಹಾಕಿಸಿಕೊಂಡ ಯಾರಿಗೂ ಆಮೇಲೆ ಜ್ವರ ಬರಲಿಲ್ಲ.

ಇಸ್ಕ್ರಾ ಸಂತೋಷಪಡಬೇಕಿತ್ತು. ಪಡಲಾಗಲಿಲ್ಲ. ವೆಲಿಚ್ಕಾ ಅವಳಿಗೆ ಬರೀ ಬೇಸಿನ್ನಿನ ಮೇಲೆ ಕಾಣುತ್ತಿರಲಿಲ್ಲ. ಹರಲಾಂಪಿಯ ಮನೆ ಇಸ್ಕ್ರಾಳ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಹಾಗಾಗಿ ಬಸ್ ನಿಲ್ದಾಣದಲ್ಲಿ ವೆಲಿಚ್ಕಾ, ಬಿಸಿ ಬಾನಿತ್ಸಾ ತಿಂಡಿ ಮಾರುವ ಕಿಟಕಿಯಲ್ಲಿ ವೆಲಿಚ್ಕಾ, ಔಷಧದಂಗಡಿಯ ಎದುರಿನ ಮರದಲ್ಲಿ ವೆಲಿಚ್ಕಾ. ಬೆಳಗ್ಗೆ ಮನೆ ಬಿಟ್ಟಾಗ ಶುರುವಾದರೆ ಕೆಲಸದ ಜಾಗದವರೆಗೆ ಅದೇ ಮುಖ ಕಂಬದಿಂದ ಕಂಬಕ್ಕೆ ಜೊತೆಗೆ ಬರುತ್ತಿತ್ತು. ಎಲ್ಲ ಕಡೆಯೂ ಅದೇ ಕೃತಜ್ಞತೆ, ಅದೇ ಋಣಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಸ್ಕ್ರಾ ಮನೆಯಲ್ಲೂ ಕೈ ತೊಳೆಯತೊಡಗಿದಳು. ಈರುಳ್ಳಿ ಮುಟ್ಟಿದರೂ ತೊಳೆದಳು, ಪುಸ್ತಕ ಮುಟ್ಟಿದರೂ ತೊಳೆದಳು. ಬೆರಳಿನ ಗೆಣ್ಣುಗಳಲ್ಲಿ ಚರ್ಮ ಸೀಳಿ ರಕ್ತ ಜಿನುಗಿತು. ನಲ್ಲಿ ನಿಲ್ಲಿಸಿದ ಮೇಲೂ ನೀರಿನ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಬೇಸಿನ್ ಒಣಗಿರುತ್ತಿತ್ತು.

ವಿಭಾಗದಲ್ಲೂ ಎಲ್ಲರಿಗೆ ಏನೋ ಒಂದು ಹಿಡಿದಿತ್ತು. ಬಿಸಿನೀರಿನ ಹಬೆಗೆ ಹಾಳೆ ಉಬ್ಬಿ ಇಳಿಯುತ್ತಿತ್ತು. ಅವಳು ಉಸಿರಾಡ್ತಾಳೆ ಎಂದು ನೆಲ ಒರೆಸುವ ಹೆಂಗಸು ಹೇಳಿದಳು. ಯಾರೂ ಅವಳನ್ನು ಗದರಿಸಲಿಲ್ಲ. ಗೋಡೆ ತೊಳೆಯುವಾಗ ಆ ಹೆಂಗಸು ಫೋಟೊದ ಸುತ್ತ ಬಟ್ಟೆ ಆಡಿಸುತ್ತಿದ್ದಳು, ಮೇಲೆ ಮುಟ್ಟುತ್ತಿರಲಿಲ್ಲ.

ಒಂದು ದಿನ ಅಂಟು ಬಿಟ್ಟು ಹಾಳೆ ಬೇಸಿನ್ನಿನ ಹಿಂದಕ್ಕೆ ಜಾರಿತು. ಇಸ್ಕ್ರಾ ಆಪರೇಷನ್ ಮುಗಿಸಿ ಮಧ್ಯಾಹ್ನ ಬರುವ ಹೊತ್ತಿಗೆ ಬೇಸಿನ್ ಒಣಗಿತ್ತು. ಅದೇ ಜನ, ಅದೇ ಕೈಗಳು, ಅದೇ ಕಾರಿಡಾರು. ಯಾರೂ ಬೇಕೆಂದು ಬಿಟ್ಟದ್ದಲ್ಲ. ಖಾಲಿ ಗೋಡೆ ಯಾರನ್ನೂ ಏನೂ ಕೇಳಲಿಲ್ಲ, ಅಷ್ಟೇ. ವಾರ್ಡಿನಲ್ಲಿ ಯುವ ಸರ್ಜನ್ ಮೊದಲ ಮಂಚದ ಗಾಯ ನೋಡಿದ ಕೈಯಲ್ಲೇ ಎರಡನೆಯ ಮಂಚದ ಗಿಂಕಾಳ ಕುತ್ತಿಗೆಯ ಟ್ಯೂಬಿಗೆ ಕೈ ಹಾಕುವುದರಲ್ಲಿದ್ದ. ಗಿಂಕಾ ಮಾರುಕಟ್ಟೆಯಲ್ಲಿ ಟೊಮೆಟೊ ಮಾರುವವಳು, ವಾರ್ಡಿಗೆಲ್ಲ ನಗೆ ಹಂಚುವವಳು. ವೆಲಿಚ್ಕಾ ಮಲಗಿದ್ದ ಮಂಚವೇ ಅವಳದು. ಇಸ್ಕ್ರಾ ಕೂಗಿದ ರೀತಿಗೆ ಸರ್ಜನ್ ಬೆಚ್ಚಿ ಹಿಂದೆ ಸರಿದ.

"ಏನಾಯ್ತು ಡಾಕ್ಟ್ರಮ್ಮ, ಹಾವು ಗೀವು ಬಂತಾ?" ಎಂದು ಗಿಂಕಾ ನಕ್ಕಳು.

ಇಸ್ಕ್ರಾ ಮೊಣಕಾಲೂರಿ ಬೇಸಿನ್ನಿನ ಹಿಂದಿನಿಂದ ಹಾಳೆಯನ್ನು ಎತ್ತಿ, ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಮತ್ತೆ ಗೋಡೆಗೆ ಕೂರಿಸಿದಳು. ಇಷ್ಟೂ ಜನರ ಜೀವ ಒಂದು ತೆಳು ಕಾಗದಕ್ಕೆ ಜೋತುಬಿದ್ದಿದೆ ಎಂದು ಅವಳಿಗೆ ಆವತ್ತು ಖಚಿತವಾಯಿತು. ಆ ಕಾಗದವೂ ಹಳದಿಯಾಗುತ್ತಿತ್ತು, ಕಣ್ಣುಗಳು ಮಸುಕಾಗುತ್ತಿದ್ದವು.

ಪ್ರೊಫೆಸರರು ಅವಳನ್ನು ಕೋಣೆಗೆ ಕರೆದು ಕಾಫಿ ಕೊಟ್ಟರು. ಅವರು ಕಾಫಿ ಕೊಟ್ಟರೆಂದರೆ ಏನೋ ಕಾದಿದೆ ಎಂದೇ ಅರ್ಥ.

"ಇದನ್ನ ಸೋಫಿಯಾದ ಸಮ್ಮೇಳನದಲ್ಲಿ ಹೇಳ್ಬೇಕು ಇಸ್ಕ್ರಾ. ಯಾರೂ ಮಾಡಿರದ ಕೆಲಸ! ಒಳ್ಳೆ ಪ್ಲಾಸ್ಟಿಕ್ ಹಾಕಿಸಿ ಎಲ್ಲ ವಿಭಾಗಕ್ಕೂ ಒಂದೊಂದು ಹಚ್ಚೋಣ. ಪ್ರತಿ ವಿಭಾಗಕ್ಕೂ ಒಬ್ಬೊಬ್ಬರು ಸತ್ತವರು."

"ಪ್ರತಿ ವಿಭಾಗದಲ್ಲೂ ಇದಾರಲ್ಲ ಸರ್," ಎಂದಳು ಇಸ್ಕ್ರಾ.

ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಥವಾ ಹಾಕಿಕೊಂಡು ನುಂಗಿದರು. "ನಲವತ್ತನೇ ದಿನಕ್ಕೆ ಆ ಮುದುಕ ಹರಲಾಂಪಿ ಬರ್ತಾನೆ. ಒಪ್ಪಿಗೆ ತಗೋ."

"ಏನಂತ ಕೇಳಲಿ?"

"ಅವಳ ಮೇಲೆ ನಮಗೆಲ್ಲ ಪ್ರೀತಿ ಇತ್ತು, ಫೋಟೊ ಇಲ್ಲೇ ಇರಲಿ ಅಂತೀವಿ ಅನ್ನು. ಸುಳ್ಳಾ ಅದು?"

"ಸುಳ್ಳಲ್ಲ. ಯಾಕೆ ಕೈ ತೊಳೆಯೋ ಜಾಗದಲ್ಲೇ ಅಂತ ಕೇಳಿದ್ರೆ?"

ಪ್ರೊಫೆಸರರು ತಮ್ಮ ಅಂಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡಿದರು. ಆ ಕ್ಷಣ ಅವರು ಮುದಿಯಾದಂತೆ ಕಂಡರು. "ಕೇಳಲ್ಲ ಬಿಡು," ಎಂದರು ಕೊನೆಗೆ. "ನಿಜ ಹೇಳಿದ್ರೆ ಕಿತ್ಕೊಂಡು ಹೋಗ್ತಾನೆ. ಆಮೇಲೆ ಆ ಗಿಂಕಾಗೆ ಯಾರು ದಿಕ್ಕು? ಯೋಚನೆ ಮಾಡು."

ಇಸ್ಕ್ರಾ ಅದನ್ನೇ ಯೋಚಿಸಿದಳು. ಬೇರೆ ಯೋಚನೆಯೇ ಬರದ ಹಾಗೆ ಯೋಚಿಸಿದಳು. ನಿಜ ಹೇಳಿದರೆ ಹಾಳೆ ಹೋಗುತ್ತದೆ, ಹಾಳೆ ಹೋದರೆ ಕೈಗಳು ಹಳೆಯ ದಾರಿ ಹಿಡಿಯುತ್ತವೆ. ಸುಳ್ಳು ಹೇಳಿದರೆ, ಸತ್ತವಳನ್ನು ಅವಳ ಗಂಡನ ಕೈಯಿಂದಲೇ ಕೆಲಸಕ್ಕೆ ಹಚ್ಚಿದ ಹಾಗೆ.

ನಲವತ್ತನೆಯ ದಿನ ಮಧ್ಯಾಹ್ನ ಹರಲಾಂಪಿ ಬಂದ. ಒಳ್ಳೆಯ ಕೋಟು, ಕಪ್ಪು ಟೈ, ಕ್ಷೌರ ಮಾಡಿಕೊಂಡ ಗಲ್ಲದಲ್ಲಿ ಕುಯ್ದ ಗಾಯ. ಒಂದು ಕೈಯಲ್ಲಿ ಚೀಲ, ಅದರಲ್ಲಿ ಸುರುಳಿ ಸುತ್ತಿದ ಹೊಸ ಹಾಳೆಗಳು. ಇನ್ನೊಂದು ಕೈಯಲ್ಲಿ ತಟ್ಟೆ, ಅದರ ತುಂಬ ಚಿಕ್ಕ ಕಾಗದದ ಲೋಟಗಳು. ಲೋಟಗಳಲ್ಲಿ ಬೇಯಿಸಿದ ಗೋಧಿ, ಅದರ ಮೇಲೆ ಸಕ್ಕರೆ ಪುಡಿ ಮತ್ತು ಆಕ್ರೋಡು. ಸತ್ತವರ ಆತ್ಮಕ್ಕೆಂದು ಹಂಚುವ ಗೋಧಿ. ತೆಗೆದುಕೊಂಡವರು ದೇವರು ಕ್ಷಮಿಸಲಿ ಎನ್ನಬೇಕು. ಆ ಮಾತು ಸತ್ತವರ ಪಾಪಕ್ಕೆ.

"ನಾನೇ ಬೇಯಿಸಿದ್ದು, ಸ್ವಲ್ಪ ಹಸಿ ಉಳೀತೇನೋ," ಎಂದು ಅವನು ಎಲ್ಲರಿಗೂ ಹೇಳಿದ. "ಇಂಥದ್ದೆಲ್ಲ ಅವಳೇ ಮಾಡ್ತಿದ್ದಳು."

ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲ ಮೊದಲು ಬೇಸಿನ್ನಿಗೆ ಹೋಗಿ ಕೈ ತೊಳೆದು, ಆಮೇಲೆ ಲೋಟ ತೆಗೆದುಕೊಂಡರು. ನರ್ಸುಗಳು ದೇವರು ಕ್ಷಮಿಸಲಿ ಎಂದರು. ಯುವ ಸರ್ಜನ್ ದೇವರು ಕ್ಷಮಿಸಲಿ ಎಂದು ನೆಲ ನೋಡಿದ. ನೆಲ ಒರೆಸುವ ಹೆಂಗಸು ಹೇಳುತ್ತಲೇ ಅತ್ತುಬಿಟ್ಟಳು. ಪ್ರೊಫೆಸರರು ಬಂದು, ತೊಳೆದು, ಲೋಟ ಹಿಡಿದು, ಹರಲಾಂಪಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಲು ನೋಡಿದರು. ಆಗಲಿಲ್ಲ. ಲೋಟ ನೋಡುತ್ತಲೇ ಹೇಳಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇಸ್ಕ್ರಾ ತನ್ನ ಪಾಲಿನ ಗೋಧಿಯನ್ನು ಬಾಯಿಗೆ ಹಾಕಿಕೊಂಡಳು. ಅದು ನಿಜಕ್ಕೂ ಸ್ವಲ್ಪ ಹಸಿ ಉಳಿದಿತ್ತು.

ಹರಲಾಂಪಿ ಹೋಗುವ ಅವಸರದಲ್ಲಿರಲಿಲ್ಲ. ಬೇಸಿನ್ನಿನ ಎದುರಿನ ಬೆಂಚಿನ ಮೇಲೆ ಚೀಲವನ್ನು ಪಕ್ಕಕ್ಕಿಟ್ಟು ಕೂತ. ಹೆಂಡತಿಯ ಮುಖ ನೋಡುತ್ತ, ಅವಳ ಮುಂದೆ ಬಂದು ಹೋಗುವವರನ್ನು ನೋಡುತ್ತ ಕೂತ. ವಾರ್ಡಿನಿಂದ ಗಿಂಕಾ ಯಾರಿಗೋ ಕೀಟಲೆ ಮಾಡಿ ನಗುವುದು ಕೇಳುತ್ತಿತ್ತು.

"ಡಾಕ್ಟ್ರಮ್ಮ, ಒಂದ್ ನಿಮಿಷ ಕೂತ್ಕೋತೀರಾ?"

"ಹೇಳಿ ತಾತ." ಇಸ್ಕ್ರಾ ಕೂತಳು. ಪ್ರೊಫೆಸರರು ಹೇಳಿಕೊಟ್ಟ ಮಾತು ಅವಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

"ನೋಡ್ತಾ ಇದ್ದೆ. ಎಲ್ರೂ ತೊಳೀತಾರೆ. ಒಳಗೆ ಹೋಗೋವಾಗ ತೊಳೀತಾರೆ, ಹೊರಗೆ ಬಂದಾಗ ತೊಳೀತಾರೆ. ದೊಡ್ಡ ಡಾಕ್ಟ್ರೂ ತೊಳೆದ್ರು."

"ಹೂಂ ತಾತ."

"ವೆಲಿಚ್ಕಾ ನಿದ್ದೆ ಮಾಡುವಾಗೆಲ್ಲ ನಾನು ಇದೇ ಬೆಂಚಿನ ಮೇಲೆ ಕೂತಿರ್ತಿದ್ದೆ. ಆಗ ಈ ನಲ್ಲೀಲಿ ನೀರು ಬಂದಿದ್ದನ್ನೇ ನೋಡ್ಲಿಲ್ಲ. ಕೆಟ್ಟಿದೆ ಅಂದ್ಕೊಂಡಿದ್ದೆ." ಅವನು ಅವಳ ಕಡೆ ತಿರುಗಿದ. ಅವನ ದನಿಯಲ್ಲಿ ಆರೋಪವಿರಲಿಲ್ಲ. ಬರೀ ಕೇಳುತ್ತಿದ್ದ. "ಆಮೇಲೆ ರಿಪೇರಿ ಮಾಡಿಸಿದ್ರಾ?"

ಹೌದು ಎಂದರೆ ಮುಗಿಯುತ್ತಿತ್ತು. ಇಷ್ಟು ಸುಲಭವಾದ ಸುಳ್ಳನ್ನು ಯಾರೂ ಅವಳ ಕೈಗೆ ಇಟ್ಟಿರಲಿಲ್ಲ. ರಿಪೇರಿ ಮಾಡಿಸಿದೆವು ತಾತ, ಫೋಟೊ ಇಲ್ಲೇ ಇರಲಿ. ಅಷ್ಟೇ ಸಾಕು, ಗಿಂಕಾ ನಗುತ್ತ ಮನೆಗೆ ಹೋಗುತ್ತಾಳೆ. ಇಸ್ಕ್ರಾ ಬಾಯಿ ತೆರೆದಳು. ಗೋಡೆಯ ಮೇಲೆ ವೆಲಿಚ್ಕಾ ಕೂಡ ಬಾಯಿ ತೆರೆದಿದ್ದಳು.

"ನಲ್ಲಿ ಕೆಟ್ಟಿರಲಿಲ್ಲ ತಾತ," ಎಂದಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನಾಗಿ ಬಂತು. ಹೃದಯ ನಿಂತಿತು ಅಂದಿದ್ದೆವು, ನಿಲ್ಲಿಸಿದ್ದು ಜ್ವರ. ಜ್ವರ ಬಂದದ್ದು ಕುತ್ತಿಗೆಯ ಟ್ಯೂಬಿನಿಂದ. ಟ್ಯೂಬಿಗೆ ಬಂದದ್ದು ಪಕ್ಕದ ಮಂಚದಿಂದ, ತೊಳೆಯದ ಕೈಯಿಂದ. ಈಗ ಎಲ್ಲರೂ ತೊಳೆಯುವುದು ಇವಳು ನೋಡುತ್ತಾಳೆಂದು. ಇವಳಿಲ್ಲದಿದ್ದರೆ ತೊಳೆಯುವುದಿಲ್ಲ, ಅದನ್ನೂ ನೋಡಿದ್ದೇನೆ. ಫೋಟೊ ಇಲ್ಲೇ ಇರಲಿ ಎಂದು ಬೇಡಿಕೊಳ್ಳಬೇಕೆಂದಿದ್ದೆ, ಈಗ ಯಾವ ಮುಖ ಇಟ್ಟುಕೊಂಡು ಬೇಡಲಿ? ಇಸ್ಕ್ರಾ ಇದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿ ಕಾದಳು. ಅವನು ಕೂಗಲಿ, ಹೊಡೆಯಲಿ, ಹಾಳೆ ಕಿತ್ತು ಎಲ್ಲರ ಮುಖಕ್ಕೆ ಎಸೆಯಲಿ ಎಂದು ಕಾದಳು. ಅದಕ್ಕೆ ಅವಳು ಸಿದ್ಧಳಿದ್ದಳು. ಬಂದರೆ ಎದೆಯ ಭಾರ ಇಳಿಯುತ್ತದೆ ಎಂದೂ ಅನ್ನಿಸಿತ್ತು.

ಹರಲಾಂಪಿ ಕೂಗಲಿಲ್ಲ. ಕೋಟಿನ ಗುಂಡಿಯೊಂದನ್ನು ಹಿಡಿದು ತಿರುಗಿಸುತ್ತಿದ್ದ.

"ಯಾರ ಕೈ?"

"ಗೊತ್ತಿಲ್ಲ ತಾತ. ನಮ್ಮೆಲ್ಲರದೂ ಅಂದ್ಕೊಳ್ಳಿ. ನಂದೂ."

"ಪಕ್ಕದ ಮಂಚ ಅಂದ್ರಲ್ಲ. ಆ ಅಜ್ಜೀದಾ? ಹೊಟ್ಟೆ ಗಾಯ ಸೋರ್ತಿತ್ತಲ್ಲ, ಅವಳದಾ?"

"ಹೂಂ. ಅವರದೇ."

"ಅವಳಿಗೆ ಯಾರೂ ಇರಲಿಲ್ಲ," ಎಂದ ಹರಲಾಂಪಿ. "ಮಕ್ಕಳು ಜರ್ಮನೀಲಿ. ಸಿಸ್ಟರ್ ಪಾಪ ಒಬ್ಬಳೇ, ಎಷ್ಟು ಅಂತ ಮಾಡ್ತಾಳೆ. ಅಜ್ಜಿ ಒದ್ದೇಲಿ ಮಲಗಿರ್ತಿದ್ದಳು. ವೆಲಿಚ್ಕಾನೇ ಹೇಳೋಳು, ಹೋಗ್ರೀ, ಆಕೆನ್ನ ಒಂದಿಷ್ಟು ನೋಡ್ರೀ ಅಂತ. ನಾನೇ ಬಟ್ಟೆ ಬದಲಾಯಿಸ್ತಿದ್ದೆ, ಒರೆಸ್ತಿದ್ದೆ."

ಇದು ಇಸ್ಕ್ರಾಳಿಗೆ ಹೊಳೆದೇ ಇರಲಿಲ್ಲ. ಬಿಳಿ ಕೋಟುಗಳ ಕೈಗಳನ್ನಷ್ಟೇ ಅವಳು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿ ನೋಡಿದ್ದಳು.

"ಅದು ಮುಗಿಸಿ ಈ ಕಡೆ ತಿರುಗಿದ್ರೆ ವೆಲಿಚ್ಕಾದು ಟ್ಯೂಬು ಮಡಚ್ಕೊಂಡಿರೋದು," ಅವನು ಮಾತಾಡುತ್ತಲೇ ಹೋದ, ಕೈಯಿಂದ ಗಾಳಿಯಲ್ಲಿ ತೋರಿಸುತ್ತ. "ಹೀಗೆ ಹಿಡ್ಕೊಂಡು, ಇಲ್ಲಿ ತಿರುಗಿಸಿ, ಮೆಲ್ಲಗೆ ಬಿಟ್ರೆ ಸರಿ ಹೋಗೋದು. ಸಿಸ್ಟರೇ ಹೇಳಿಕೊಟ್ಟಿದ್ದು. ನಿಮ್ಮ ಕೈ ಚೆನ್ನಾಗಿ ಕೂತಿದೆ ಹರಲಾಂಪಿ ಅಂತಿದ್ರು." ಕೈ ಗಾಳಿಯಲ್ಲೇ ನಿಂತಿತು. "ನಂದೂನಾ ಡಾಕ್ಟ್ರಮ್ಮ? ನನ್ನ ಕೈನೂ?"

ಆ ಮಂಚದಿಂದ ಈ ಮಂಚಕ್ಕೆ ಎಲ್ಲರಿಗಿಂತ ಹೆಚ್ಚು ಸಲ ಹೋಗಿಬಂದವನು ಇವನೇ. ಇಸ್ಕ್ರಾ ಅದನ್ನು ಲೆಕ್ಕ ಹಾಕಬಾರದೆಂದುಕೊಳ್ಳುವಷ್ಟರಲ್ಲಿ ಲೆಕ್ಕ ಆಗಿಹೋಗಿತ್ತು.

"ಇಲ್ಲ ತಾತ," ಎಂದಳು. "ನಿಮ್ಮದಲ್ಲ. ಖಂಡಿತ ಅಲ್ಲ."

"ಇಲ್ಲ ಅನ್ನೋದು ತಡವಾಯ್ತು ಡಾಕ್ಟ್ರಮ್ಮ," ಎಂದ ಹರಲಾಂಪಿ. ಮೆಲ್ಲಗೆ ಹೇಳಿದ, ಅವಳನ್ನೇ ಸಮಾಧಾನ ಮಾಡುವವನ ಹಾಗೆ.

ಅವಳು ಅವನ ತೋಳು ಹಿಡಿಯಲು ಹೋದಳು. ಅವನು ತೋಳು ಹಿಂದಕ್ಕೆಳೆದುಕೊಂಡ. ಸಿಟ್ಟಿನಿಂದಲ್ಲ. ತನ್ನನ್ನು ಯಾರೂ ಮುಟ್ಟಬಾರದೆಂದು ಅವನಿಗೆ ಅನ್ನಿಸಿದಂತಿತ್ತು.

"ಟ್ಯೂಬು ಹಿಡಿಯೋದು ಹೇಳ್ಕೊಟ್ಟರು," ಎಂದ. "ಇದನ್ನ ಯಾರೂ ಹೇಳ್ಕೊಡಲಿಲ್ಲ. ಹೇಳಿದ್ರೆ ಮಾಡ್ತಿದ್ದೆ. ನಾನು ಹೇಳಿದ್ದು ಕೇಳೋನು. ಬೇಕಾದ್ರೆ ಅವಳನ್ನ ಕೇಳಿ." ಗೋಡೆಯ ಕಡೆ ನೋಡಿದ. ಎದ್ದು ನಿಂತ. "ಹೇಗೆ ತೊಳೀಬೇಕು? ತೋರಿಸಿ."

"ಬೇಡ ತಾತ. ಈಗ ಯಾಕೆ?"

"ತೋರಿಸಿ."

ಇಬ್ಬರೂ ವೆಲಿಚ್ಕಾಳ ಮುಂದೆ ನಿಂತರು. ಇಸ್ಕ್ರಾ ನಲ್ಲಿ ತಿರುಗಿಸಿದಳು. ಮೊದಲು ನೀರು, ಆಮೇಲೆ ಸೋಪು. ಅಂಗೈಗೆ ಅಂಗೈ, ಕೈಯ ಹಿಂಬದಿ, ಬೆರಳ ಸಂದು, ಹೆಬ್ಬೆರಳನ್ನು ಹಿಡಿದು ಸುತ್ತಿಸಿ, ಉಗುರುಗಳನ್ನು ಅಂಗೈಯಲ್ಲಿ ಉಜ್ಜಿ. ವರ್ಷಗಟ್ಟಲೆ ದೊಡ್ಡ ದೊಡ್ಡ ಡಾಕ್ಟರುಗಳಿಗೆ ಹೇಳಿಕೊಟ್ಟು ಸೋತ ಪಾಠ ಅದು. ಇಷ್ಟು ಶ್ರದ್ಧೆಯಿಂದ ಕಲಿತವರನ್ನು ಅವಳು ನೋಡಿರಲಿಲ್ಲ. ಹೆಬ್ಬೆರಳು ಮರೆತಾಗ ಅವನು ತಾನೇ ನೆನಪಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ. ಕಾರಿಡಾರಿನಲ್ಲಿದ್ದವರೆಲ್ಲ ನಿಂತಲ್ಲೇ ನಿಂತಿದ್ದರು. ತ್ಸೋನ್ಕಾ ಬಾಯಿಗೆ ಏಪ್ರನ್ ಒತ್ತಿಕೊಂಡಿದ್ದಳು. ಇಸ್ಕ್ರಾಳ ಸೀಳಿದ ಗೆಣ್ಣುಗಳಿಗೆ ಸೋಪು ತಾಗಿ ಉರಿಯುತ್ತಿತ್ತು. ಅವಳು ಅಳುತ್ತಿದ್ದಳು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ನೊರೆ ಹೋಯಿತು. ಅವಳು ನಲ್ಲಿ ನಿಲ್ಲಿಸಿದಳು.

"ಇಷ್ಟೇನಾ?" ಎಂದ ಹರಲಾಂಪಿ.

"ಇಷ್ಟೇ ತಾತ."

ಅವನು ಇನ್ನೊಮ್ಮೆ ಕೇಳಿದ, ಅವಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ. "ಇಷ್ಟೇನಾ?"

ಅವನು ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತ. ಬೆಂಚಿನ ಮೇಲಿನ ಚೀಲದ ಕಡೆ ಗದ್ದದಿಂದ ತೋರಿಸಿ, "ಹೊಸದು ಅದರಲ್ಲಿದೆ, ನೀವೇ ಅಂಟಿಸಿ" ಎಂದ. ಇಸ್ಕ್ರಾ ಹಾಳೆ ತೆಗೆದು ಹಳೆಯದರ ಮೇಲೆ ಅಂಟಿಸಿದಳು. ಹೊಸ ಕಣ್ಣುಗಳು ಗೋಡೆಯಿಂದ ನೋಡಿದವು. ತ್ಸೋನ್ಕಾ ಒಣ ಬಟ್ಟೆ ತಂದು ಹಿಡಿದಳು, ಅವನು ತೆಗೆದುಕೊಳ್ಳಲಿಲ್ಲ. ಚೀಲವನ್ನೂ ತಟ್ಟೆಯನ್ನೂ ಅಲ್ಲೇ ಬಿಟ್ಟು, ಕೈಗಳನ್ನು ಹಾಗೇ ಎತ್ತಿ ಹಿಡಿದುಕೊಂಡು, ಯಾವುದಕ್ಕೂ ತಾಗಿಸದೆ ಕಾರಿಡಾರಿನ ಉದ್ದಕ್ಕೂ ನಡೆದ. ಕೊನೆಯ ಬಾಗಿಲಿನ ಮುಂದೆ ನಿಂತು ಕಾದ. ಯುವ ಸರ್ಜನ್ ಓಡಿಹೋಗಿ ಬಾಗಿಲು ತೆಗೆದ.